ಬಂದ ಸೀಟನ್ನು ಬಿಡುವ ಮುನ್ನ: ಸಿಇಟಿಯ ನಾಲ್ಕು ಚಾಯ್ಸ್‌ಗಳು

ಸಿಇಟಿ, ಅಂದರೆ ಸಾಮಾನ್ಯ ಪ್ರವೇಶ ಪರೀಕ್ಷೆ, ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆನ್‌ಲೈನ್ ಸೀಟು ಹಂಚಿಕೆಯನ್ನು ಒಂದು ಸೇವೆಯೆಂದು ನೋಡಿ ಅದರ ಗುಣದೋಷ ಹೇಳುವವರು ಕಡಿಮೆ. ಬಯಸಿದ ಸೀಟು ಸಿಕ್ಕವರು ಅದನ್ನು ಮರೆಯುತ್ತಾರೆ, ಸಿಗದವರು ಶಪಿಸುತ್ತಾರೆ. ಮಗಳ ಎಂಜಿನಿಯರಿಂಗ್ ಪ್ರವೇಶಕ್ಕಾಗಿ ತಿಪಟೂರಿನ ನಮ್ಮ ಮನೆಯಲ್ಲೇ ಕುಳಿತು ಇದನ್ನು ಮೊದಲಿನಿಂದ ಕೊನೆಯವರೆಗೆ ಬಳಸಿದ ನನಗೆ ಹೆಚ್ಚು ಮೆಚ್ಚುಗೆಯಾದದ್ದು, ಬಂದ ಸೀಟನ್ನು ಬಿಡುವುದಕ್ಕೆ ಇಲ್ಲಿರುವ ವ್ಯವಸ್ಥೆ.

ನಮ್ಮ ಕೈಯಲ್ಲಿ ಆಗಲೇ ಒಂದು ಸೀಟಿತ್ತು. ಬೆಂಗಳೂರಿನ ಒಂದು ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯ ಏಪ್ರಿಲಿನಲ್ಲೇ ತನ್ನದೇ ಪ್ರವೇಶ ಪರೀಕ್ಷೆಯ ಮೇಲೆ ಕಂಪ್ಯೂಟರ್ ಸೈನ್ಸ್ ಕೊಟ್ಟಿತ್ತು. ಸಿಇಟಿ ರ‍್ಯಾಂಕ್ ಏನಾಗುವುದೋ ಎಂಬ ಹೆದರಿಕೆಯಲ್ಲಿ ಮುಂಗಡ ಹಣವನ್ನೂ ಎಸ್ಸೆಸ್ಸೆಲ್ಸಿಯ ಮೂಲ ಅಂಕಪಟ್ಟಿಯನ್ನೂ ಕೊಟ್ಟು ಬಂದಿದ್ದೆವು. ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕಗಳಿಂದ ಅರ್ಧ, ಸಿಇಟಿ ಅಂಕಗಳಿಂದ ಇನ್ನರ್ಧ ಲೆಕ್ಕ ಹಾಕುವುದರಿಂದ, ಪಿಯುಸಿಯಲ್ಲಿ ಚೆನ್ನಾಗಿ ಬರೆದ ಮಕ್ಕಳ ಪೋಷಕರು ನಮ್ಮಷ್ಟು ಆತುರಪಡಬೇಕಾಗಿಲ್ಲ.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು ಮತ್ತು ವಿಭಾಗಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವಾಗ, ನಾವು ಮಾಡಿದ ತಪ್ಪು ಪೂರ್ತಿಯಾಗಿ ನಮ್ಮದೇ. ಎಷ್ಟು ಆಯ್ಕೆಗಳನ್ನು ಬೇಕಾದರೂ ಸೇರಿಸಬಹುದು ಎಂಬ ಉತ್ಸಾಹದಲ್ಲಿ, ಹಿಂದಿನ ವರ್ಷದ ಕಟ್-ಆಫ್ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಮಗಳು ಎಂದೂ ಹೋಗಲಾರದ ಕಾಲೇಜುಗಳನ್ನೂ ಪಟ್ಟಿಯ ನಡುವೆ ತುಂಬಿದ್ದೆವು. ನಿಜವಾದ ಹಂಚಿಕೆಗೆ ಮೊದಲು ಪ್ರಯೋಗಕ್ಕಾಗಿ ನಡೆಸುವ ಅಣಕು ಹಂಚಿಕೆಯಲ್ಲಿ ಅಂಥದ್ದೇ ಒಂದು ಕಾಲೇಜು ಬಂದಾಗ ಅವಳು, 'ಅಪ್ಪ, ಇದನ್ನು ಬರೆದವರು ಯಾರು?' ಎಂದಳು. ಬರೆದವನು ನಾನು. ಅಣಕು ಫಲಿತಾಂಶದ ನಂತರ ಆಯ್ಕೆಗಳನ್ನು ಅಳಿಸಲು, ಹಿಂದೆ ಮುಂದೆ ಮಾಡಲು ಅವಕಾಶವಿರುವುದರಿಂದ ಬಚಾವಾದೆವು. ಸೇರಲು ಮನಸ್ಸಿಲ್ಲದ ಕಾಲೇಜಿನ ಹೆಸರು ಪಟ್ಟಿಯಲ್ಲಿ ಇರಲೇಬಾರದು. ಬಂದ ಮೇಲೆ ಬಿಡುವುದಕ್ಕಿಂತ ಬರೆಯದೇ ಇರುವುದು ಸುಲಭ.

ನಿಜವಾದ ಹಂಚಿಕೆಯಲ್ಲಿ ಬೆಂಗಳೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಾದ ಯುವಿಸಿಇಯ ಎಲೆಕ್ಟ್ರಿಕಲ್ ವಿಭಾಗ ಬಂತು. ಅದೇ ಕಾಲೇಜಿನ ಎಲೆಕ್ಟ್ರಾನಿಕ್ಸ್ ನಮ್ಮ ಪಟ್ಟಿಯಲ್ಲಿ ಅದಕ್ಕಿಂತ ಮೇಲಿತ್ತು. ಆಗ ಎದುರಾಗುವುದೇ ನಾಲ್ಕು ಚಾಯ್ಸ್. ಮೊದಲನೆಯದರಲ್ಲಿ ಸೀಟನ್ನು ಒಪ್ಪಿ, ಶುಲ್ಕ ಕಟ್ಟಿ, ಪ್ರವೇಶ ಆದೇಶ ಪಡೆದು ಕಾಲೇಜಿಗೆ ಹೋಗುತ್ತೀರಿ. ಎರಡನೆಯದರಲ್ಲಿ ಬಂದ ಸೀಟನ್ನು ಇಟ್ಟುಕೊಂಡೇ ಅದಕ್ಕಿಂತ ಮೇಲಿನ ಆಯ್ಕೆಗಳಿಗಾಗಿ ಮುಂದಿನ ಸುತ್ತಿಗೆ ಕಾಯುತ್ತೀರಿ. ಮೇಲಿನದು ಸಿಕ್ಕಿದರೆ ಹಳೆಯದು ತಾನಾಗಿ ಹೋಗುತ್ತದೆ. ಮೂರನೆಯದರಲ್ಲಿ ಬಂದ ಸೀಟನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿನಲ್ಲಿ ಭಾಗವಹಿಸುತ್ತೀರಿ. ನಾಲ್ಕನೆಯದು ಇಡೀ ಪ್ರಕ್ರಿಯೆಯಿಂದಲೇ ಹೊರಬರುವುದು. ಎರಡಕ್ಕೂ ಮೂರಕ್ಕೂ ಇರುವ ಅಂತರ ಒಂದಂಕಿಯದಾದರೂ ಪರಿಣಾಮದ ಅಂತರ ಬಹಳ ದೊಡ್ಡದು: ಮೂರನ್ನು ಒತ್ತಿದ ಮೇಲೆ ಆ ಸೀಟು ಬೇರೆಯವರ ಪಾಲಾಗುತ್ತದೆ, ಮುಂದಿನ ಸುತ್ತಿನಲ್ಲಿ ಏನೂ ಸಿಗದೇ ಹೋಗಬಹುದು. ಈ ಸೀಟು ಬಂದರೂ ಸೇರುವುದಿಲ್ಲ ಎಂದು ಗಟ್ಟಿಯಾಗಿ ಹೇಳಬಲ್ಲವರಿಗೆ ಮಾತ್ರ ಅದು ತಕ್ಕದ್ದು. ಶುಲ್ಕ ಯಾವ ಹಂತದಲ್ಲಿ ಕಟ್ಟಬೇಕೆಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ಅಣ್ಣನ ಮಗನ ಅನುಭವ ನಿಮ್ಮ ಮಗಳಿಗೆ ಅನ್ವಯಿಸದು.

ನಾವು ಎರಡನ್ನು ಆರಿಸಿದೆವು. ಎರಡನೇ ಸುತ್ತಿನಲ್ಲಿ ಏನೂ ಬದಲಾಗಲಿಲ್ಲ, ಮಗಳಿಗೆ ಬೇಸರವೂ ಆಗಲಿಲ್ಲ. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಕೆಟ್ಟಾಗಲೆಲ್ಲ ಮುಚ್ಚಳ ಬಿಚ್ಚಿ ಕೂರುವ ಹುಡುಗಿ ಅವಳು. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿದ, ಈಗ ಸ್ವಾಯತ್ತ ವಿಶ್ವವಿದ್ಯಾಲಯವಾಗಿರುವ ಈ ಕಾಲೇಜಿನ ನಾಲ್ಕೂ ವರ್ಷದ ಶುಲ್ಕ, ಆ ಖಾಸಗಿ ಸಂಸ್ಥೆಯ ಒಂದು ವರ್ಷದ ಶುಲ್ಕದೊಳಗೆ ಮುಗಿಯುತ್ತಿತ್ತು. ಹಾಗಿದ್ದರೂ ಕಂಪ್ಯೂಟರ್ ಸೈನ್ಸ್ ಬಿಟ್ಟರೇ ಎಂದು ಮದುವೆಮನೆಯ ಪಂಕ್ತಿಯಲ್ಲೂ ಕೇಳಿದವರಿದ್ದಾರೆ.

ಖಾಸಗಿ ಸೀಟನ್ನು ಬಿಡುವುದೇ ಕಷ್ಟದ ಕೆಲಸವಾಯಿತು. ಅಲ್ಲಿ ಒತ್ತುವ ಗುಂಡಿಯಿಲ್ಲ, ನಾಲ್ಕು ದಾರಿಗಳಿಲ್ಲ. ಫೋನಿನಲ್ಲಿ ಮೊದಲು ವಿದ್ಯಾರ್ಥಿವೇತನದ ಆಸೆ ತೋರಿಸಿದರು, ಆಮೇಲೆ ಮುಂಗಡ ವಾಪಸಿಲ್ಲ ಎಂದರು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಅಧಿಸೂಚನೆಯ ಪ್ರಕಾರ, ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲೇ ಸೀಟು ಬಿಟ್ಟರೆ ಪೂರ್ಣ ಶುಲ್ಕ ಮರಳಿಸಬೇಕು. ಅದರಲ್ಲಿ ಶೇ 5ಕ್ಕಿಂತ, ಹೆಚ್ಚೆಂದರೆ 5,000 ರೂಪಾಯಿಗಿಂತ, ಹೆಚ್ಚು ಹಿಡಿದುಕೊಳ್ಳುವಂತಿಲ್ಲ. 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ 90, ಕೊನೆಯ ದಿನದ ನಂತರದ 15 ದಿನಗಳವರೆಗೆ ಶೇ 80, ಅಲ್ಲಿಂದ 30ನೇ ದಿನದವರೆಗೆ ಶೇ 50, ಆಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿಯನ್ನು ಹಿಡಿದಿಟ್ಟುಕೊಳ್ಳುವುದನ್ನೂ ಅದೇ ಅಧಿಸೂಚನೆ ನಿಷೇಧಿಸುತ್ತದೆ. ಫೋನಿನ ಮಾತು ಬಿಟ್ಟು, ಇದೆಲ್ಲವನ್ನು ಉಲ್ಲೇಖಿಸಿ ದಿನಾಂಕ ಹಾಕಿದ ಪತ್ರವನ್ನು ಮಗಳ ಸಹಿಯೊಂದಿಗೆ ಇಮೇಲ್ ಮೂಲಕವೂ ರಿಜಿಸ್ಟರ್ಡ್ ಅಂಚೆಯಲ್ಲೂ ಕಳುಹಿಸಿದೆವು. 5,000 ರೂಪಾಯಿ ಕಳೆದು ಉಳಿದ ಹಣ ಖಾತೆಗೆ ಬಂತು. ಅಂಕಪಟ್ಟಿಯನ್ನು ಮಾತ್ರ ನಾನೇ ಬೆಂಗಳೂರಿಗೆ ಹೋಗಿ, ಅರ್ಧ ದಿನ ಕಾದು ತಂದೆ.