ಬಾಯಿ ಕ್ಯಾನ್ಸರ್ ಕೋಡಿಂಗ್‌ಗೆ ಐಸಿಡಿ-10 ಆನ್‌ಲೈನ್ ಬ್ರೌಸರ್: ವರ್ಷಗಟ್ಟಲೆ ಬಳಸಿದವರ ಮಾತು

ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಕೋಡಿಂಗ್ ಮಾಡುವವರಿಗಾಗಿ, ಅಂದರೆ ಕೇಸ್ ಶೀಟ್ ಓದಿ ರೋಗಕ್ಕೆ ಕೋಡ್ ಹಾಕುವವರಿಗಾಗಿ, ಇದನ್ನು ಬರೆಯುತ್ತಿದ್ದೇನೆ. ಡಿಸ್ಚಾರ್ಜ್ ಸಮ್ಮರಿ ಬರೆಯುವ ಡಾಕ್ಟರುಗಳೂ ಓದಿದರೆ ಇನ್ನೂ ಜಾಸ್ತಿ ಖುಷಿ.

ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಕೋಡ್ ಪಟ್ಟಿಯಾದ ಐಸಿಡಿ-10 ಅನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ದುಡ್ಡು ಬೇಡ, ಲಾಗಿನ್ ಬೇಡ. ಅದನ್ನು ನೋಡುವ ಪುಟವೇ ಈ ಬ್ರೌಸರ್: ಎಡಗಡೆ ಅಧ್ಯಾಯಗಳ ಪಟ್ಟಿ, ಬಲಗಡೆ ವಿವರ, ಮೇಲೆ ಹುಡುಕುವ ಜಾಗ, ಅಷ್ಟೇ. 2019ರ ಆವೃತ್ತಿಯೇ ಕೊನೆಯದು, ಹಾಗಾಗಿ ಕೋಡುಗಳು ದಿನಕ್ಕೊಂದು ಥರ ಬದಲಾಗುತ್ತವೆ ಅನ್ನುವ ಭಯವಿಲ್ಲ. ಬಾಯಿ ಕ್ಯಾನ್ಸರ್ ಕೇಸ್ ಬಂದರೆ ನಾನು ಮೊದಲು ತೆರೆಯುವುದು ಇದನ್ನೇ.

ಇದರಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದಿರುವುದು ಕೋಡಿನ ಕೆಳಗಿರುವ ಸಣ್ಣ ಅಕ್ಷರದ ಟಿಪ್ಪಣಿಗಳು. ನಮ್ಮ ಕಡೆ ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಎಲ್ಲವನ್ನೂ ಕೆನ್ನೆ ಮತ್ತು ಒಸಡಿನ ಸಂದಿಯಲ್ಲಿ ಇಟ್ಟುಕೊಳ್ಳುತ್ತಾರೆ. ಗೆಡ್ಡೆ ಹುಟ್ಟುವುದೂ ಬಹಳ ಸಲ ಅಲ್ಲೇ. ಆ ಪುಟ್ಟ ಜಾಗದ ಸುತ್ತಲೇ ನಾಲ್ಕು ಕೋಡುಗಳಿವೆ. ಕೆನ್ನೆಯ ಒಳಪದರ ಸಿ06.0, ಸಂದಿ ಸಿ06.1, ಕೊನೆಯ ದವಡೆ ಹಲ್ಲಿನ ಹಿಂದಿನ ಜಾಗ ಸಿ06.2, ಕೆಳ ಒಸಡು ಸಿ03.1. ಬ್ರೌಸರ್‌ನಲ್ಲಿ ಸಿ06.1 ಒತ್ತಿದರೆ ಬಕ್ಕಲ್ ಸಲ್ಕಸ್, ಅಂದರೆ ಈ ಸಂದಿ, ಅಲ್ಲೇ ಸೇರುತ್ತದೆ ಅಂತ ಸ್ಪಷ್ಟವಾಗಿದೆ. ಸಿ03 ಒತ್ತಿದರೆ ಆಲ್ವಿಯೋಲಾರ್ ಮ್ಯುಕೋಸಾ (ಹಲ್ಲು ಕೂತ ದಿಂಡಿನ ಮೇಲಿನ ಪದರ) ಸಿಗುತ್ತದೆ. ಮೂಳೆಯ ಕೋಡ್ ಸಿ41.1 ಕೆಳಗೆ, ಮೂಳೆಯೊಳಗೇ ಅಥವಾ ಹಲ್ಲು ಮೂಡುವ ಅಂಗಾಂಶದಲ್ಲಿ ಹುಟ್ಟಿದ್ದನ್ನು ಬಿಟ್ಟು ಕೆಳ ದವಡೆಯ ಬೇರೆ ಕಾರ್ಸಿನೋಮ (ಪದರದಿಂದ ಹುಟ್ಟುವ ಕ್ಯಾನ್ಸರ್) ಇಲ್ಲಿಗೆ ಬರುವುದಿಲ್ಲ, ಸಿ03.1ಕ್ಕೆ ಹೋಗಿ ಅನ್ನುವ ಸೂಚನೆ ಇದೆ. ಒಸಡಿನಲ್ಲಿ ಹುಟ್ಟಿದ ಗೆಡ್ಡೆ ದವಡೆ ಮೂಳೆಯನ್ನು ತಿಂದಿದ್ದರೂ ಮೂಲ ಒಸಡೇ, ಅಲ್ವಾ? ಈ ಒಂದು ಸಾಲು ಎಷ್ಟೋ ತಪ್ಪು ಕೋಡುಗಳನ್ನು ತಡೆದಿದೆ.

ಆದರೆ ಬ್ರೌಸರ್ ಎಷ್ಟೇ ಚೆನ್ನಾಗಿದ್ದರೂ ಕೇಸ್ ಶೀಟ್‌ನಲ್ಲಿ ಬರೆಯದೇ ಇರುವುದನ್ನು ಅದು ಹೇಳಿಕೊಡುವುದಿಲ್ಲ. ನಮ್ಮ ಮೇಜಿಗೆ ಬರುವ ಕೇಸ್ ಹೇಗಿರುತ್ತದೆ ನೋಡಿ. ಮೊದಲ ಹಾಳೆಯಲ್ಲಿ ಬರೀ ‘ಸಿಎ ಓರಲ್ ಕ್ಯಾವಿಟಿ’ (ಬಾಯಿ ಕ್ಯಾನ್ಸರ್). ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಎಡ ಕೆಳ ಜಿಂಜೈವೋಬಕ್ಕಲ್ ಸಲ್ಕಸ್’ (ಸಂದಿ). ಆಪರೇಷನ್ ನೋಟ್‌ನಲ್ಲಿ ‘ಎಡ ಬಕ್ಕಲ್ ಮ್ಯುಕೋಸಾ’ (ಕೆನ್ನೆಯ ಒಳಪದರ). ಸಿಟಿ ರಿಪೋರ್ಟ್‌ನಲ್ಲಿ ‘ಕೆಳ ಆಲ್ವಿಯೋಲಸ್, ಮ್ಯಾಂಡಿಬಲ್ ಸವೆದಿದೆ’ (ಕೆಳ ಒಸಡು, ದವಡೆ ಮೂಳೆ ಸವೆದಿದೆ). ರೋಗಿ ಒಬ್ಬರೇ, ಗೆಡ್ಡೆಯೂ ಒಂದೇ. ಮೊದಲ ಹಾಳೆ ನಂಬಿದರೆ ಸಿ06.9, ಅಂದರೆ ಬಾಯಲ್ಲಿ ಎಲ್ಲೋ ಒಂದು ಕಡೆ. ಉಳಿದ ಮೂರು ಕಾಗದ ಮೂರು ಬೇರೆ ಕೋಡ್ ಹೇಳುತ್ತವೆ. ಕೋಡರ್ ತಾನೇ ಒಂದನ್ನು ಆರಿಸಿಕೊಳ್ಳುವ ಹಾಗಿಲ್ಲ. ಗೆಡ್ಡೆ ಎಲ್ಲಿ ಶುರುವಾಯಿತು ಅಂತ ಚಿಕಿತ್ಸೆ ಕೊಟ್ಟ ಡಾಕ್ಟರನ್ನೇ ಕೇಳಬೇಕು. ಹುಟ್ಟಿದ ಜಾಗ ಗೊತ್ತಿದ್ದರೆ ಎಲ್ಲಿಗೆ ಹರಡಿದ್ದರೂ ಆ ಜಾಗದ ಕೋಡೇ. ಗೊತ್ತೇ ಆಗದಿದ್ದರೆ, ಸಿ06ರ ಒಳಗಿನ ಜಾಗಗಳಲ್ಲೇ ಹರಡಿದ್ದಕ್ಕೆ ಸಿ06.8, ಒಸಡು ಕೆನ್ನೆ ಎರಡನ್ನೂ ಹಿಡಿದಿದ್ದರೆ ಸಿ14.8. ಇದನ್ನು ತುಂಬಾ ಜನ ಗಮನಿಸುವುದಿಲ್ಲ.

ಸಿ06.9 ಹಾಕಿ ಕಳಿಸಿದ ಕ್ಲೇಮ್ ಬಯಾಪ್ಸಿ ಜೊತೆ ಹೊಂದುವುದಿಲ್ಲ ಅಂತ ಒಂದು ವಿಮಾ ಕಂಪನಿಯಿಂದ ವಾಪಸ್ ಬಂದಾಗ, ಆ ಮನೆಯವರು ಬಿಲ್ಲಿಂಗ್ ಕೌಂಟರ್ ಮುಂದೆ ಮಧ್ಯಾಹ್ನವೆಲ್ಲ ಕಾದಿದ್ದನ್ನು ನೋಡಿದ್ದೇನೆ. ಅವರ ತಪ್ಪು ಏನೂ ಇರಲಿಲ್ಲ. ಡಾಕ್ಟರ್ ಇನ್ನೆರಡು ಪದ ಬರೆದಿದ್ದರೆ ಸಾಕಿತ್ತು.

ಇನ್ನು ಬ್ರೌಸರ್‌ನ ಕೊರತೆಗಳು. ಹುಡುಕುವ ಸೌಲಭ್ಯ ಅಷ್ಟಕ್ಕಷ್ಟೇ. ಶೀರ್ಷಿಕೆಯಲ್ಲಿ, ಟಿಪ್ಪಣಿಯಲ್ಲಿ ಇರುವ ಪದವನ್ನೇ ಕೊಟ್ಟರೆ ಸಿಗುತ್ತದೆ, ನಮ್ಮ ಡಾಕ್ಟರುಗಳು ಬರೆಯುವ ಹಾಗೆ ಕೊಟ್ಟರೆ ಸಿಗದೇ ಹೋಗಬಹುದು, ಅದಕ್ಕೇ ಅಕಾರಾದಿ ಸೂಚಿ ಇರುವ ಮೂರನೇ ಸಂಪುಟ ಪಕ್ಕದಲ್ಲಿ ಇರಲೇಬೇಕು. ಎಡ ಬಲ ತೋರಿಸಲು ಕೋಡಿನಲ್ಲಿ ಜಾಗವಿಲ್ಲ. ನನಗೆ ಎಲ್ಲಕ್ಕಿಂತ ಬೇಸರದ ವಿಷಯ ತಂಬಾಕು. ಎಫ್17.2 ಅಂದರೆ ಚಟ, ಝಡ್72.0 ಅಂದರೆ ಬಳಕೆ. ಸೇದಿದ್ದಾ ಜಗಿದಿದ್ದಾ ಅಂತ ಗೊತ್ತಾಗುವುದಿಲ್ಲ. ಅಮೆರಿಕದವರು 2015ರ ಅಕ್ಟೋಬರ್‌ನಿಂದ ಬಳಸುತ್ತಿರುವ ಐಸಿಡಿ-10-ಸಿಎಂನಲ್ಲಿ ಜಗಿಯುವ ತಂಬಾಕಿಗೆ ಎಫ್17.22 ಅಂತ ಬೇರೆಯೇ ಇದೆ. ಜಗಿಯುವವರು ಇಷ್ಟೊಂದು ಇರುವ ನಮ್ಮ ದೇಶದಲ್ಲಿ ಬಳಸುವ ಪಟ್ಟಿಯಲ್ಲಿ ಅದು ಇಲ್ಲ. ಅಡಿಕೆಯಿಂದ ಬಾಯಿ ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ಗೆ ಮಾತ್ರ ಕೆ13.5 ಇದೆ. ಕ್ಯಾನ್ಸರ್ ಕೋಡ್ ಸಿಕ್ಕಿತಲ್ಲ ಅಂತ ಅದನ್ನು ಬಿಡಬೇಡಿ, ಎರಡನ್ನೂ ಹಾಕಿ.

ಇನ್ನೊಂದು ವಿಷಯ. ಸಿ06.0 ಜಾಗ ಹೇಳುತ್ತದೆ, ಗೆಡ್ಡೆಯ ಜಾತಿ ಹೇಳುವುದಿಲ್ಲ. ಸಾಮಾನ್ಯ ಸ್ಕ್ವೇಮಸ್ ಸೆಲ್ ಕಾರ್ಸಿನೋಮ 8070/3, ನರುಳ್ಳೆಯಂತೆ ಬೆಳೆಯುವ ವೆರ್ರುಕಸ್ ಆದರೆ 8051/3, ಇವು ಐಸಿಡಿ-ಒ, ಅಂದರೆ ಗೆಡ್ಡೆಗಳಿಗೆಂದೇ ಇರುವ ಬೇರೆ ಕೋಡ್ ಪಟ್ಟಿಯವು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1982ರಿಂದ ನಡೆಯುತ್ತಿರುವ ಕ್ಯಾನ್ಸರ್ ನೋಂದಣಿಯಂಥ ಕೆಲಸಕ್ಕೆ ಜಾಗ, ಜಾತಿ ಎರಡೂ ಬೇಕು. ಹಾಗಾಗಿ ಬಯಾಪ್ಸಿ ನಂಬರ್, ತಾರೀಕು, ಪೂರ್ತಿ ವಾಕ್ಯ ಸಮ್ಮರಿಯಲ್ಲಿ ಇರಲಿ.

ಫಾಲೋಅಪ್ ಕೇಸುಗಳಲ್ಲಿ ಗೊಂದಲ ಜಾಸ್ತಿ. ಆಪರೇಷನ್ ಆಗಿದೆ, ಆದರೆ ರೇಡಿಯೇಷನ್ ಇನ್ನೂ ನಡೆಯುತ್ತಿದೆ ಅಂದರೆ ರೋಗ ಮುಗಿದಿಲ್ಲ, ಝಡ್51.0 (ರೇಡಿಯೇಷನ್ ಚಿಕಿತ್ಸೆ) ಜೊತೆ ಸಿ ಕೋಡ್ ಇರಬೇಕು. ಚಿಕಿತ್ಸೆ ಪೂರ್ತಿ ಮುಗಿದು ಸುಮ್ನೆ ತೋರಿಸಿಕೊಂಡು ಹೋಗಲು ಬಂದು, ಏನೂ ಸಿಗದಿದ್ದರೆ ಝಡ್08 (ಚಿಕಿತ್ಸೆ ನಂತರದ ಪರೀಕ್ಷೆ) ಮತ್ತು ಝಡ್85.8 (ಹಿಂದೆ ಕ್ಯಾನ್ಸರ್ ಇತ್ತು). ಸಮ್ಮರಿಯಲ್ಲಿ ‘ಕೆ/ಸಿ/ಒ ಸಿಎ ಟಂಗ್’ (ನಾಲಿಗೆ ಕ್ಯಾನ್ಸರ್ ಅಂತ ಮೊದಲೇ ಗೊತ್ತಿರುವ ಕೇಸ್) ಅಂತ ಅಷ್ಟೇ ಬರೆದರೆ ಯಾವುದು ಅಂತ ತಿಳಿಯುವುದು ಹೇಗೆ?

2022ರ ಜನವರಿಯಲ್ಲಿ ಐಸಿಡಿ-11 ಜಾರಿಗೆ ಬಂತು. ಅದರ ಕೋಡಿಂಗ್ ಟೂಲ್ ಹುಡುಕುವುದರಲ್ಲಿ ಇದಕ್ಕಿಂತ ಎಷ್ಟೋ ಮುಂದೆ, ಎಡ ಬಲವನ್ನೂ ಸೇರಿಸಬಹುದು. ಅದನ್ನೂ ಈಗಲೇ ಕಲಿಯುತ್ತಾ ಇರಿ. ಆದರೆ ನಮ್ಮ ಮೇಜಿನ ಕೆಲಸ ಇನ್ನೂ ಐಸಿಡಿ-10ರಲ್ಲೇ ನಡೆಯುತ್ತಿದೆ.

ನನ್ನ ಅಂಕ ಐದಕ್ಕೆ ನಾಲ್ಕು. ಹೊಸದಾಗಿ ಸೇರಿದವರು ಗೆಡ್ಡೆಗಳ ಬಗೆಗಿನ ಎರಡನೇ ಅಧ್ಯಾಯದ ಆರಂಭದ ಟಿಪ್ಪಣಿಗಳನ್ನು ಮೊದಲು ಓದಿ, ಆಮೇಲೆ ಸಿ00ಯಿಂದ ಸಿ14ರವರೆಗಿನ ಪುಟಗಳ ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟುಕೊಳ್ಳಿ. ನೆಟ್ ಹೋದಾಗ ಬೇಕಾಗುತ್ತದೆ.