‘ಎಲ್ಲಾ ಪ್ಲಾಸ್ಟಿಕ್‌ಗೂ ಆಗುತ್ತೆ’ ಅನ್ನೋ ಸ್ಪ್ರೇ ಡಬ್ಬಿ: ಸ್ವಲ್ಪ ಹುಷಾರು

ಪ್ಲಾಸ್ಟಿಕ್ ಸೈನಿಕರಿಗೆ ಬಣ್ಣ ಹಚ್ಚಿ ಫೋಟೊ ತೆಗೆಯೋ ಹುಚ್ಚು ಇರುವವರು, ಈಗಷ್ಟೇ ಶುರು ಮಾಡೋಣ ಅಂದುಕೊಂಡವರು ಇದನ್ನೊಮ್ಮೆ ಓದಿ. ಬಣ್ಣಕ್ಕೂ ಮೊದಲು ತಳಪದರವಾಗಿ ಹೊಡೆಯುವ ಸ್ಪ್ರೇ ಪ್ರೈಮರ್ ಡಬ್ಬಿಯ ಮೇಲೆ ಎಲ್ಲಾ ಪ್ಲಾಸ್ಟಿಕ್‌ಗೂ ಆಗುತ್ತೆ ಅಂತ ಬರೆದಿರುತ್ತೆ. ಮಾರುವವರೂ ಅದನ್ನೇ ಹೇಳುತ್ತಾರೆ. ಅಷ್ಟಕ್ಕೇ ಪೂರ್ತಿ ಸೆಟ್ಟಿಗೆ ಹೊಡೆಯಬೇಡಿ. ನನ್ನದೊಂದು ಇಡೀ ಕುದುರೆ ಪಡೆ ಇದರಿಂದ ಹಾಳಾಗಿದೆ.

ನಾನು ಮಾಡಲು ಹೊರಟಿದ್ದು ಮೈಸೂರು ಲ್ಯಾನ್ಸರ್ಸ್. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ, ಈಗಿನ ಇಸ್ರೇಲ್‌ನಲ್ಲಿರುವ ಹೈಫಾ ಊರನ್ನು ಹಿಡಿದ ನಮ್ಮ ಮೈಸೂರಿನ ಸವಾರರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ, ಆ ಕಡೆ ಹೋದರೆ ಒಮ್ಮೆ ನೋಡಿ. ಅವರದ್ದೇ ಸೆಟ್ ನನಗೆ ಎಲ್ಲೂ ಸಿಗಲಿಲ್ಲ. ಅದೇ ಕಾಲದ ಬೇರೆ ಭರ್ಜಿ ಸವಾರರ ಸೆಟ್ ತರಿಸಿದೆ. ಎಂ-ಸೀಲ್‌ನಲ್ಲಿ ಪೇಟ ಸುತ್ತಿ ಅವರನ್ನೇ ಮೈಸೂರಿನವರನ್ನಾಗಿ ಮಾಡೋದು ಲೆಕ್ಕ. ಅಳತೆ 1/72, ನಿಜವಾದ ಗಾತ್ರದ ಎಪ್ಪತ್ತೆರಡರಲ್ಲಿ ಒಂದು ಪಾಲು. ಅಂದರೆ ಆಳು ನಿಂತರೆ ಸುಮಾರು 24 ಮಿಲಿಮೀಟರ್, ಒಂಬತ್ತು ಅಡಿ ಭರ್ಜಿ 38 ಮಿಲಿಮೀಟರ್, ಪೇಟ ಹೆಚ್ಚೆಂದರೆ 4 ಮಿಲಿಮೀಟರ್. ಕನ್ನಡಕದ ಮೇಲೆ ಭೂತಗನ್ನಡಿ ಹಾಕಿಕೊಂಡು ಮಾಡುವ ಕೆಲಸ.

ಹೊರದೇಶದ ಸೆಟ್ ಈಗ ಅಗ್ಗ ಅಲ್ಲ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಹಾಗಾಗಿ ಒಂದು ಸೆಟ್ ಹಾಳಾದರೆ ಹೋಗಲಿ ಬಿಡು ಅನ್ನೋ ಹಾಗಿಲ್ಲ. ಅದಕ್ಕೇ ಕೊಳ್ಳುವ ಮೊದಲೇ ಮಾರುವವರಿಗೆ ಮೆಸೇಜ್ ಮಾಡಿ ಕೇಳಿದ್ದೆ: “ಇದು ಬಗ್ಗುವ ಮೆತ್ತನೆ ಪ್ಲಾಸ್ಟಿಕ್. ಇದಕ್ಕೆ ನಿಮ್ಮ ಪ್ರೈಮರ್ ಹಿಡಿಯುತ್ತಾ?” ಉತ್ತರ ಬಂತು: “ಎಲ್ಲಾ ಪ್ಲಾಸ್ಟಿಕ್‌ಗೂ ಆಗುತ್ತೆ ಸರ್, ಕಣ್ಮುಚ್ಚಿಕೊಂಡು ತಗೊಳ್ಳಿ.”

ಸೈನಿಕರನ್ನು ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ಹಳೇ ಟೂತ್‌ಬ್ರಷ್ ಹಾಕಿ ಉಜ್ಜಿದೆ. ಅಚ್ಚಿನಿಂದ ಬಿಡಿಸಲು ಬಳಸಿದ ಎಣ್ಣೆ ಅಂಶ ಉಳಿದಿದ್ದರೆ ಬಣ್ಣ ಹಿಡಿಯೋದಿಲ್ಲ. ಚೆನ್ನಾಗಿ ಒಣಗಿಸಿ, ಮಳೆ ಮೋಡ ಇಲ್ಲದ ಮಧ್ಯಾಹ್ನ ಟೆರೇಸಿನಲ್ಲಿ, ಗೇಣಿನಷ್ಟು ದೂರದಿಂದ ತೆಳುವಾಗಿ ಹೊಡೆದೆ. ನೋಡೋಕೆ ಎಷ್ಟು ಚೆಂದ ಬಂದಿತ್ತು ಅಂತೀರಿ! ಜೀನಿನ ಪಟ್ಟಿ, ಕುದುರೆಯ ಕುತ್ತಿಗೆ ಕೂದಲು, ಎಲ್ಲಾ ಎದ್ದು ಕಾಣುತ್ತಿತ್ತು.

ಸಂಜೆ ಮುಟ್ಟಿದೆ, ಅಂಟು. ಮಾರನೇ ದಿನವೂ ಅಂಟು. ಬಿಸಿಲಿಗಿಟ್ಟೆ, ಫ್ಯಾನ್ ಕೆಳಗಿಟ್ಟೆ. ವಾರ ಕಳೆದರೂ ಹಾಗೇ. ತಿಂಗಳಾದ ಮೇಲೆ ಒಂದು ಕುದುರೆಯನ್ನು ಎತ್ತಿಕೊಂಡರೆ, ಅದರ ಹಿಂಭಾಗದಲ್ಲಿ ನನ್ನ ಹೆಬ್ಬೆಟ್ಟಿನ ಗೆರೆಗಳು ಪೊಲೀಸ್ ದಾಖಲೆಗೆ ಆಗುವಷ್ಟು ನೀಟಾಗಿ ಮೂಡಿದ್ದವು.

ಫೋಟೊ ತೆಗೆದಾಗ ನಿಜವಾದ ಅವಾಂತರ ಕಾಣಿಸಿತು. ಟೇಬಲ್ ಲ್ಯಾಂಪಿಗೆ ಬಟರ್ ಪೇಪರ್ ಅಡ್ಡ ಇಟ್ಟು, ಬೆಳಕನ್ನು ಒಂದು ಪಕ್ಕದಿಂದ ಬಿಟ್ಟು, ಮೊಬೈಲನ್ನು ಸ್ವಲ್ಪ ದೂರದಲ್ಲೇ ಸ್ಟ್ಯಾಂಡಿಗೆ ಹಾಕಿ ತೆಗೆಯೋದು ನನ್ನ ಪದ್ಧತಿ. ತೀರಾ ಹತ್ತಿರ ಹೋದರೆ ಸವಾರನ ಮೂಗು ಫೋಕಸ್ ಆಗುತ್ತೆ, ಕುದುರೆಯ ಬಾಲ ಮಂಜಾಗುತ್ತೆ. ದೂರದಿಂದ ತೆಗೆದು ಆಮೇಲೆ ಕತ್ತರಿಸಿಕೊಂಡರೆ ಪೂರ್ತಿ ಆಕೃತಿ ಸ್ಪಷ್ಟ ಬರುತ್ತೆ. ಹೀಗೆ ತೆಗೆದ ಫೋಟೊ ದೊಡ್ಡದು ಮಾಡಿ ನೋಡಿದರೆ ಅಂಟಿನ ಮೇಲೆ ಧೂಳು, ಬಟ್ಟೆಯ ಎಳೆ, ಒಬ್ಬನ ಮುಖದ ಮೇಲೆ ಅಡ್ಡಲಾಗಿ ಒಂದು ಕೂದಲು. ಕೂದಲಿನ ದಪ್ಪ 0.07 ಮಿಲಿಮೀಟರ್ ಅಂದುಕೊಳ್ಳಿ. 72ರಿಂದ ಗುಣಿಸಿದರೆ 5 ಮಿಲಿಮೀಟರ್. ಪಾಪ, ಆ ಸವಾರನ ಮುಖಕ್ಕೆ ಹಗ್ಗ ಬಿಗಿದ ಹಾಗಿತ್ತು.

ಮಾರಿದವರಿಗೆ ಫೋಟೊ ಕಳಿಸಿದೆ. ಮೊದಲು ಹವಾಮಾನ ಸರಿ ಇಲ್ಲ ಅಂದರು. ಆಮೇಲೆ ಡಬ್ಬಿ ಸರಿಯಾಗಿ ಅಲ್ಲಾಡಿಸಿಲ್ಲ ಅಂದರು. ಅದೇ ದಿನ, ಅದೇ ಡಬ್ಬಿಯಿಂದ ಗಟ್ಟಿ ಪ್ಲಾಸ್ಟಿಕ್ಕಿನ ಟ್ಯಾಂಕಿಗೂ ಹೊಡೆದಿದ್ದೆ, ಅದು ಅರ್ಧ ಗಂಟೆಗೆ ಒಣಗಿತ್ತು ಅಂತ ಅದರ ಫೋಟೊ ಕಳಿಸಿದೆ. ಆಗ ಬಂದ ಉತ್ತರ: “ಓಪನ್ ಮಾಡಿದ ಮಾಲು ವಾಪಸ್ ತಗೊಳ್ಳಲ್ಲ ಸರ್.”

ವಿಷಯ ಇಷ್ಟೇ. ಈ ಸೈನಿಕರು ಮೆತ್ತನೆ ಪಿವಿಸಿಯವರು. ಪಿವಿಸಿ ಹುಟ್ಟಾ ಗಟ್ಟಿ. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸುತ್ತಾರೆ. ಅದು ಒಳಗೆ ಸುಮ್ನೆ ಕೂರೋದಿಲ್ಲ, ಮೆಲ್ಲಗೆ ಹೊರಗೆ ಬರುತ್ತಿರುತ್ತೆ. ಸ್ಪ್ರೇಯಲ್ಲಿರುವ ದ್ರಾವಕ ತಗುಲಿದರೆ ಇನ್ನೂ ಸುಲಭವಾಗಿ ಬಣ್ಣದ ಪದರಕ್ಕೆ ಸೇರಿ, ಬಣ್ಣವನ್ನೇ ಮೆತ್ತಗೆ ಮಾಡುತ್ತೆ. ಶಾಲೆಯ ಜಾಮಿಟ್ರಿ ಬಾಕ್ಸಿನಲ್ಲಿ ರಬ್ಬರು ಪ್ಲಾಸ್ಟಿಕ್ ಸ್ಕೇಲಿಗೆ ಅಂಟಿಕೊಂಡು, ಬಿಡಿಸಿದರೆ ಸ್ಕೇಲ್ ಮೇಲೆ ಕರಗಿದ ಗುರುತು ಇರುತ್ತಿತ್ತಲ್ವಾ? ಅದೂ ಇದೇ ಕಾಟ. ಹಾಗಾಗಿ ಇದು ಒಣಗದೆ ಉಳಿದ ಬಣ್ಣ ಅಲ್ಲ. ಎಷ್ಟು ಕಾದರೂ ಪ್ರಯೋಜನ ಇಲ್ಲ. ಎನಾಮಲ್ ಬಣ್ಣಕ್ಕೂ ಇದೇ ಗತಿ.

ಯಾವ ಪ್ಲಾಸ್ಟಿಕ್ ಅಂತ ಪೆಟ್ಟಿಗೆಯ ಮೇಲೆ ಬಹಳ ಸಲ ಬರೆದಿರೋದಿಲ್ಲ. ಸೈನಿಕರು ಅಂಟಿಕೊಂಡು ಬರುವ ಚೌಕಟ್ಟಿನಿಂದ ಒಂದು ತುಂಡು ಕತ್ತರಿಸಿ. ಬಗ್ಗಿಸಿದರೆ ಪಟ್ ಅಂತ ಮುರಿದರೆ ಅದು ಗಟ್ಟಿ ಪಾಲಿಸ್ಟೈರೀನ್, ಸಾಮಾನ್ಯವಾಗಿ ಸ್ಪ್ರೇಗೆ ತೊಂದರೆ ಇಲ್ಲ. ಬಗ್ಗಿದರೆ ಒಂದು ಲೋಟ ನೀರಿಗೆ ಎರಡು ಹನಿ ಸೋಪು ಹಾಕಿ ತುಂಡನ್ನು ಮುಳುಗಿಸಿ ಬಿಡಿ. ಮೇಲೆ ತೇಲಿದರೆ ಪಾಲಿಥೀನ್, ತಳಕ್ಕೆ ಹೋದರೆ ಪಿವಿಸಿ ಇರಬಹುದು ಅಂತ ಅನುಮಾನ ಪಡಿ. ನನ್ನದು ಕಲ್ಲು ಬಿದ್ದ ಹಾಗೆ ತಳ ಸೇರಿತು. ಇಷ್ಟನ್ನು ಮಾರುವವರೇ ಹೇಳಬಹುದಿತ್ತು, ಡಬ್ಬಿಯ ಮೇಲೆ ಒಂದು ಸಾಲು ಸಾಕಿತ್ತು.

ಪಾಲಿಥೀನ್ ಮೇಲೆ ಬಣ್ಣ ಹೀಗೆ ಅಂಟಂಟಾಗೋದಿಲ್ಲ, ಆದರೆ ಅದಕ್ಕೆ ಬೇರೆ ರೋಗ. ಯಾವ ಬಣ್ಣವೂ ಸರಿಯಾಗಿ ಕೂರೋದಿಲ್ಲ. ಭರ್ಜಿ ಸ್ವಲ್ಪ ಬಗ್ಗಿದರೆ ಸಾಕು, ಬಣ್ಣ ಸಿಪ್ಪೆ ಸಿಪ್ಪೆಯಾಗಿ ಉದುರುತ್ತೆ. ಹಳೇ ಕೈಗಳು ಇದಕ್ಕೆ ಮಾಡುವ ಉಪಾಯ ಫೆವಿಕಾಲ್. ನೀರು ಬೆರೆಸಿ ತೆಳುವಾಗಿ ಬ್ರಷ್‌ನಲ್ಲಿ ಹಚ್ಚಿ, ರಾತ್ರಿಯಿಡೀ ಬಿಟ್ಟು, ಅದರ ಮೇಲೆ ನೀರಿನ ಅಕ್ರಿಲಿಕ್ ಬಣ್ಣ. ಒದ್ದೆ ಬ್ರಷ್ ಹಾಕಿ ಉಜ್ಜಬಾರದು, ಫೆವಿಕಾಲ್ ಮತ್ತೆ ಮೆತ್ತಗಾಗುತ್ತೆ. ಭರ್ಜಿಯನ್ನಂತೂ ನಾನೀಗ ಕತ್ತರಿಸಿ ಎಸೆದು ಗುಂಡುಪಿನ್ ಹಾಕುತ್ತೇನೆ, ಬಗ್ಗೋ ಮಾತೇ ಇಲ್ಲ. ಪಿವಿಸಿಗೆ ಸ್ಪ್ರೇ ಬೇಡವೇ ಬೇಡ. ನೀರಿನ ಅಕ್ರಿಲಿಕ್ ಬಣ್ಣವನ್ನೇ ಬ್ರಷ್‌ನಲ್ಲಿ ತೆಳುವಾಗಿ ಎರಡು ಸಲ ಹಚ್ಚಿ. ಏನೇ ಆದರೂ ಮೊದಲು ಒಬ್ಬನೇ ಸೈನಿಕನಿಗೆ ಹಚ್ಚಿ ವಾರ ಬಿಡಿ. ಆಮೇಲೆ ಪಕ್ಕದ ಬೆಳಕಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಬೆರಳಿಗೆ ಗೊತ್ತಾಗದ ಅಂಟು ಅಲ್ಲಿ ಮಿಂಚುತ್ತೆ.

ಈಗಾಗಲೇ ಅಂಟಾಗಿದ್ದರೆ ಸಿಟ್ಟಿನಲ್ಲಿ ಥಿನ್ನರ್ ಹಾಕಬೇಡಿ, ಬಣ್ಣದ ಜೊತೆ ಸೈನಿಕನ ಮೂಗು ಬಾಯಿಯೂ ಕರಗಿ ಹೋಗುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ ಉಜ್ಜಿದಾಗ ನನಗೆ ಅರ್ಧದಷ್ಟು ಬಣ್ಣ ಬಂತು. ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಬೇಡ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇವರನ್ನು ಇಡಬೇಡಿ, ಸ್ಕೇಲಿಗೆ ಆದದ್ದೇ ಡಬ್ಬಿಗೂ ಆಗುತ್ತೆ.

ಕೊಳ್ಳುವ ಮೊದಲು ಮಾಡಿದ ಮೆಸೇಜ್ ಅಳಿಸಬೇಡಿ. ಡಬ್ಬಿ ತೆರೆಯುವ ಮುಂಚೆ ಲೇಬಲ್, ಬ್ಯಾಚ್ ನಂಬರ್ ಫೋಟೊ ತೆಗೆದಿಟ್ಟುಕೊಳ್ಳಿ. ನಾನು ಇವೆಲ್ಲ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಆಮೇಲೆ ಡಬ್ಬಿಯ ದುಡ್ಡು ವಾಪಸ್ ಬಂತು. ಸೈನಿಕರ ದುಡ್ಡು ಬರಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಪ್ರೈಮರನ್ನು ಅಪ್ಪ ಗೇಟಿನ ಚಿಲಕಕ್ಕೆ ಹೊಡೆದರು. ಅವರು ಕಾಫಿ ಕುಡಿದು ಬರೋಷ್ಟರಲ್ಲಿ ಒಣಗಿತ್ತು.