ಹಾಲ್‌ನ ಟಿವಿಗೆ ಪಿಎಸ್5 ಒಳ್ಳೆಯದೋ, ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಒಳ್ಳೆಯದೋ?

ಸೋನಿಯ ಪಿಎಸ್5 (ಪ್ಲೇಸ್ಟೇಷನ್ 5), ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಎರಡೂ ಟಿವಿಗೆ ಹಾಕಿ ಆಡುವ ಕನ್ಸೋಲ್‌ಗಳು. ಆದರೆ ಆಟದ ವಿಷಯ ಇಲ್ಲಿ ಬೇಡ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಪ್ರಶ್ನೆ ಬೇರೆ. ಮನೆಗೆಲ್ಲಾ ಒಂದೇ ಟಿವಿ, ಅದರ ಮುಂದೆ ಅಮ್ಮ, ಹೆಂಡತಿ, ಮಗಳು, ಭಾನುವಾರ ಬಂತು ಅಂದ್ರೆ ಅಕ್ಕನ ಮನೆಯವರು. ಇಷ್ಟು ಜನಕ್ಕೆ ಸಿನಿಮಾ, ಯೂಟ್ಯೂಬ್, ಧಾರಾವಾಹಿ, ಮದುವೆ ವಿಡಿಯೋ ಎಲ್ಲದಕ್ಕೂ ಒಂದು ಕನ್ಸೋಲ್ ಸಾಕಾಗುತ್ತಾ? ತುಮಕೂರಿನ ಎಸ್‌.ಎಸ್‌. ಪುರಂನ ನಮ್ಮ ಮನೆಯಲ್ಲಿ ಡಿಸ್ಕ್ ಹಾಕುವ ಪಿಎಸ್5 ಇದೆ. ಅಕ್ಕನ ಮಗ ಓದೋಕೆ ಅಂತ ಹೊರ ಊರಿಗೆ ಹೊರಟಾಗ ತನ್ನ ಸೀರೀಸ್ ಎಸ್ ನಮ್ಮಲ್ಲೇ ಬಿಟ್ಟುಹೋದ. ಎರಡೂ ಒಂದೇ ಟಿವಿಗೆ ಹಾಕಿ, ಪಕ್ಕದಲ್ಲೇ ಒಂದು ಫೈರ್ ಟಿವಿ ಸ್ಟಿಕ್ (ಟಿವಿಗೆ ಚುಚ್ಚಿ ವಿಡಿಯೋ ಆಪ್‌ಗಳನ್ನು ನೋಡುವ ಅಮೆಜಾನ್‌ನ ಪುಟ್ಟ ಸಾಧನ) ಇಟ್ಟುಕೊಂಡು ನೋಡುತ್ತಾ ಬಂದಿದ್ದೇನೆ.

ಮೊದಲು ಜಾಗ. ನಮ್ಮ ಕಡೆ ಟಿವಿ ಇರುವುದು ಶೋಕೇಸ್‌ನಲ್ಲಿ, ಅಲ್ವಾ? ಮೊದಲ ಮಾದರಿಯ ಪಿಎಸ್5 ಸುಮಾರು 39 ಸೆಂ.ಮೀ. ಎತ್ತರ, 26 ಸೆಂ.ಮೀ. ಆಳ, ನಾಲ್ಕೂವರೆ ಕೆಜಿ ತೂಕ. ಮಾಮೂಲಿ ಶೋಕೇಸ್ ಖಾನೆಗೆ ಅದು ನಿಲ್ಲಿಸಿದರೂ ಹಿಡಿಯಲ್ಲ, ಮಲಗಿಸಿದರೆ ಗಾಳಿಗೆ ಜಾಗ ಇರಲ್ಲ. ಸೀರೀಸ್ ಎಸ್ ಬರೀ 27.5 ಸೆಂ.ಮೀ. ಉದ್ದ, ಆರೂವರೆ ಸೆಂ.ಮೀ. ದಪ್ಪ. ಸೆಟ್‌ಟಾಪ್ ಬಾಕ್ಸ್ ಇದ್ದ ಜಾಗದಲ್ಲೇ ಕೂತುಬಿಡುತ್ತದೆ. ನಮ್ಮ ಬೇಸಿಗೆಯ ಧೂಳಿನ ವಿಚಾರಕ್ಕೆ ಬಂದರೆ ಮಾತ್ರ ಪಿಎಸ್5 ಮೆಚ್ಚಬೇಕು. ಬಿಳಿ ತಟ್ಟೆಯನ್ನು ಕೈಯಲ್ಲೇ ಎಳೆದು ತೆಗೆಯಬಹುದು. ಒಳಗೆ ಧೂಳು ಸೇರಲಿ ಅಂತಲೇ ಮಾಡಿರುವ ತೂತುಗಳಿವೆ. ಅಲ್ಲಿಗೆ ವ್ಯಾಕ್ಯೂಮ್ ಹಿಡಿದರೆ ಬೂದಿ ಬಣ್ಣದ ಹತ್ತಿಯಂಥ ಧೂಳು ಬರುತ್ತದೆ, ಫ್ಯಾನ್ ಸದ್ದು ಇಳಿಯುತ್ತದೆ.

ಆದರೆ ಮನೆಯವರು ಕನ್ಸೋಲ್ ಒಪ್ಪುತ್ತಾರೋ ಇಲ್ವೋ ಅನ್ನೋದನ್ನ ತೀರ್ಮಾನ ಮಾಡುವುದು ರಿಮೋಟ್. ಪಿಎಸ್5 ಕಂಟ್ರೋಲರ್ ಸೋಫಾ ಮೇಲೆ ಇಟ್ಟರೆ ಅದು ಕೂರುವುದು ಹಿಂದಿನ ಎಲ್2, ಆರ್2 ಗುಂಡಿಗಳ ಮೇಲೆ. ವಿಡಿಯೋ ಆಪ್‌ಗಳಲ್ಲಿ ಹಿಂದೆ ಮುಂದೆ ಓಡಿಸುವುದು ಅವೇ ಗುಂಡಿಗಳು. ಯಾರೋ ಪಕ್ಕಕ್ಕೆ ಸರಿದು ಕೂತರೆ ಸಾಕು, ಸಿನಿಮಾ ಮುಂದಕ್ಕೆ ಓಡುತ್ತದೆ, ಅಮ್ಮ "ಏ, ನಿಲ್ಸೋ ಅದನ್ನ" ಅಂತ ಕೂಗುತ್ತಾರೆ. ಎಕ್ಸ್‌ಬಾಕ್ಸ್ ಕಂಟ್ರೋಲರ್‌ನ ತೊಂದರೆ ಇನ್ನೊಂದು ಥರ. 15 ನಿಮಿಷ ಮುಟ್ಟದಿದ್ದರೆ ಅದು ಆಫ್ ಆಗುತ್ತದೆ. ಫೋನ್ ಬಂತು, ಸಿನಿಮಾ ನಿಲ್ಲಿಸಬೇಕು ಅಂದರೆ ಮೊದಲು ಅದನ್ನು ಎಬ್ಬಿಸಿ, ಅದು ಕನೆಕ್ಟ್ ಆಗುವವರೆಗೂ ಕಾದು, ಆಮೇಲೆ ನಿಲ್ಲಿಸಬೇಕು. ಎರಡಕ್ಕೂ ಸುಲಭದ ಪರಿಹಾರ ಬೇರೆ ರಿಮೋಟ್ ಕೊಳ್ಳುವುದು. ಪಿಎಸ್5 ಬ್ಲೂಟೂತ್‌ನಲ್ಲಿ ಕೇಳುವುದರಿಂದ ಸೋನಿಯವರ ಮೀಡಿಯಾ ರಿಮೋಟ್‌ನಂಥದ್ದು ಬೇಕು. ಸೀರೀಸ್ ಎಸ್ ಮುಂದೆ, ಕಂಟ್ರೋಲರ್ ಜೋಡಿಸುವ ಪುಟ್ಟ ಗುಂಡಿಯ ಜಾಗದಲ್ಲೇ ಇನ್‌ಫ್ರಾರೆಡ್ ಕಣ್ಣಿದೆ, ಎಕ್ಸ್‌ಬಾಕ್ಸ್‌ಗೆ ಹೊಂದುವ ಮಾಮೂಲಿ ಇನ್‌ಫ್ರಾರೆಡ್ (ಐಆರ್) ರಿಮೋಟ್ ಸಾಕು. ನನಗೆ ಇದು ದೊಡ್ಡ ಪ್ಲಸ್ ಪಾಯಿಂಟ್.

ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ವಿಷಯದಲ್ಲಿ ಎಕ್ಸ್‌ಬಾಕ್ಸ್ ಬಹಳ ಮುಂದೆ. ವಿಡಿಯೋ ಫೈಲ್ ಓಡಿಸುವ ವಿಎಲ್‌ಸಿ ಆಪ್ ಇದೆ, ಅಂಥದ್ದೇ ಕೋಡಿ 2017ರಿಂದಲೇ ಇದೆ. ಮದುವೆ ಫೋಟೋಗ್ರಾಫರ್ ಕೊಟ್ಟ ಫೈಲ್ ಯಾವ ಫಾರ್ಮ್ಯಾಟ್‌ನಲ್ಲಿದ್ದರೂ ಸಾಮಾನ್ಯವಾಗಿ ಓಡುತ್ತದೆ. ದೊಡ್ಡ ಹಾರ್ಡ್‌ಡಿಸ್ಕ್ ಚುಚ್ಚಿದಾಗ "ಆಟಕ್ಕೆ ಫಾರ್ಮ್ಯಾಟ್ ಮಾಡಲಾ, ಮೀಡಿಯಾಗೆ ಇಟ್ಟುಕೊಳ್ಳಲಾ" ಅಂತ ಕೇಳುತ್ತದೆ. ದಯವಿಟ್ಟು ಮೀಡಿಯಾ ಅಂತಲೇ ಒತ್ತಿ. ಆಟಕ್ಕೆ ಅಂದರೆ ಒಳಗಿರುವುದೆಲ್ಲಾ ಅಳಿಸಿಹೋಗುತ್ತದೆ. ಪಿಎಸ್5 ಎಫ್‌ಎಟಿ32, ಎಕ್ಸ್‌ಫ್ಯಾಟ್ ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ ಡ್ರೈವ್ ಮಾತ್ರ ಓದುತ್ತದೆ, ವಿಂಡೋಸ್‌ನ ಎನ್‌ಟಿಎಫ್‌ಎಸ್ ಬಗೆಯದನ್ನು ಓದುವುದೇ ಇಲ್ಲ. ಕಂಪ್ಯೂಟರ್‌ನಲ್ಲಿರುವ ಫೈಲ್‌ಗಳನ್ನು ಟಿವಿಗೆ ಕಳಿಸುವ ಪ್ಲೆಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿ ವೈಫೈ ಮೂಲಕ ನೋಡಬಹುದು, ಆದರೆ ಅಷ್ಟಕ್ಕೆ ಕಂಪ್ಯೂಟರ್ ಕೂಡ ಆನ್ ಇರಬೇಕು.

ಡಿಸ್ಕ್ ಅಂದರೆ ಲೆಕ್ಕ ತಿರುಗುತ್ತದೆ. ಸೀರೀಸ್ ಎಸ್‌ನಲ್ಲಿ ಡ್ರೈವೇ ಇಲ್ಲ. ಡಿಸ್ಕ್ ಇರುವ ಪಿಎಸ್5 ಡಿವಿಡಿ, ಬ್ಲೂ-ರೇ, 4ಕೆ ಬ್ಲೂ-ರೇ ಮೂರನ್ನೂ ಓಡಿಸುತ್ತದೆ, ಹಾಡಿನ ಸಿಡಿ ಮಾತ್ರ ಓಡಿಸಲ್ಲ. 4ಕೆ ಡಿಸ್ಕಿನ ಚಿತ್ರ ಒಮ್ಮೆ ನೋಡಿದರೆ ಸ್ಟ್ರೀಮಿಂಗ್ ಸಪ್ಪೆ ಅನಿಸುತ್ತದೆ. ನೆಟ್‌ಫ್ಲಿಕ್ಸ್ 4ಕೆಗೆ ಕೇಳುವುದು ಸೆಕೆಂಡಿಗೆ 15 ಮೆಗಾಬಿಟ್. ಡಿಸ್ಕ್ 100ರ ಮೇಲೂ ಹೋಗಬಲ್ಲದು. ಕತ್ತಲ ದೃಶ್ಯದಲ್ಲಿ ಗೋಡೆಯ ಮೇಲೆ ಪಟ್ಟೆ ಪಟ್ಟೆಯಾಗಿ ಕಾಣುತ್ತದಲ್ಲ, ಅದು ಡಿಸ್ಕಿನಲ್ಲಿ ಹೆಚ್ಚು ಕಡಿಮೆ ಮಾಯ. ವಿದೇಶದಿಂದ ಯಾರಾದರೂ ತರುತ್ತಾರೆ ಅಂದರೆ 4ಕೆ ಡಿಸ್ಕನ್ನೇ ತರಿಸಿ, ಅದಕ್ಕೆ ರೀಜನ್ ಬೀಗ (ಒಂದು ಪ್ರದೇಶದ ಡಿಸ್ಕ್ ಇನ್ನೊಂದು ಪ್ರದೇಶದ ಪ್ಲೇಯರ್‌ನಲ್ಲಿ ಓಡದ ಹಾಗೆ ಮಾಡುವ ತಡೆ) ಇಲ್ಲ. ಮಾಮೂಲಿ ಬ್ಲೂ-ರೇಗೆ ಇರಬಹುದು. ನಮ್ಮದು ಸಿ ರೀಜನ್, ಅಮೆರಿಕದ್ದು ಎ.

ಚಿತ್ರದ ಬೆಳಕು, ಬಣ್ಣ ಹೆಚ್ಚು ಚೆನ್ನಾಗಿ ತೋರಿಸುವ ತಂತ್ರಕ್ಕೆ ಎಚ್‌ಡಿಆರ್ ಅನ್ನುತ್ತಾರೆ. ಸ್ಟ್ರೀಮಿಂಗ್‌ನಲ್ಲಿ ಅದರ ಡಾಲ್ಬಿ ವಿಷನ್ ಬಗೆ ಇರುವುದು ಎಕ್ಸ್‌ಬಾಕ್ಸ್‌ನಲ್ಲಿ, ಪಿಎಸ್5ರಲ್ಲಿ ಎಚ್‌ಡಿಆರ್10 ಬಗೆ ಮಾತ್ರ. ನಿಮ್ಮ ಟಿವಿಯಲ್ಲೂ ಡಾಲ್ಬಿ ವಿಷನ್ ಇದ್ದರಷ್ಟೇ ಈ ವ್ಯತ್ಯಾಸ ಲೆಕ್ಕಕ್ಕೆ. ಪಿಎಸ್5 ಇಟ್ಟುಕೊಂಡವರು ಎಚ್‌ಡಿಆರ್ ಸೆಟ್ಟಿಂಗನ್ನು ಸಪೋರ್ಟ್ ಇದ್ದಾಗ ಮಾತ್ರ ಆನ್ ಆಗುವ ಹಾಗೆ ಬದಲಾಯಿಸಿ. ಇಲ್ಲದಿದ್ದರೆ ಹಳೇ ಕನ್ನಡ ಹಾಡುಗಳು ಯೂಟ್ಯೂಬ್‌ನಲ್ಲಿ ಬಣ್ಣ ತೊಳೆದ ಹಾಗೆ ಕಾಣಬಹುದು.

ಇನ್ನು ಕನ್ನಡದ ವಿಷಯ, ನನಗೆ ನಿಜಕ್ಕೂ ಬೇಜಾರಾಗುವುದು ಇಲ್ಲೇ. ಯೂಟ್ಯೂಬ್, ನೆಟ್‌ಫ್ಲಿಕ್ಸ್, ಪ್ರೈಮ್ ಎರಡರಲ್ಲೂ ಚೆನ್ನಾಗಿವೆ. ಆದರೆ ನಮ್ಮ ಚಾನೆಲ್ಲುಗಳ ಧಾರಾವಾಹಿ ತೋರಿಸುವ ಆಪ್‌ಗಳು ಮೊದಲು ಬರುವುದು ಆಂಡ್ರಾಯ್ಡ್ ಟಿವಿಗೆ, ಫೈರ್ ಟಿವಿಗೆ. ಪ್ಲೇಸ್ಟೇಷನ್‌ಗೆ ಬೇರೆ, ಎಕ್ಸ್‌ಬಾಕ್ಸ್‌ಗೆ ಬೇರೆ ಆಪ್ ಬರೆಯಬೇಕು, ನೋಡುವವರು ಕಮ್ಮಿ, ಹಾಗಾಗಿ ಕನ್ಸೋಲ್ ಸರದಿ ಕೊನೆಗೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎಕ್ಸ್‌ಬಾಕ್ಸ್‌ನಲ್ಲಿ ಎಡ್ಜ್ ಬ್ರೌಸರ್ ಇರುವುದರಿಂದ ವೆಬ್‌ಸೈಟ್ ತೆಗೆದು ನೋಡಲು ಒಂದು ದಾರಿಯಾದರೂ ಇದೆ, ಪಿಎಸ್5ರಲ್ಲಿ ನೇರವಾಗಿ ತೆಗೆಯುವ ಬ್ರೌಸರೇ ಇಲ್ಲ. ಆದರೂ ಕಂಟ್ರೋಲರ್ ಕಡ್ಡಿ ತಿರುಗಿಸಿ ಬಾಣದ ಗುರುತು ಓಡಾಡಿಸುತ್ತಾ ಸಂಜೆ ಏಳರ ಧಾರಾವಾಹಿ ಹುಡುಕಿ ಅಂತ ಅಮ್ಮನಿಗೆ ಹೇಳೋದು ತಪ್ಪು. ಸ್ಟಿಕ್‌ನಲ್ಲಿ ಆ ಕೆಲಸ ಎರಡು ಗುಂಡಿಯಲ್ಲಿ ಮುಗಿಯುತ್ತದೆ.

ಕರೆಂಟ್ ಲೆಕ್ಕವೂ ಸ್ಟಿಕ್ ಕಡೆಗೇ. ಪಿಎಸ್5 ಬರೀ ವಿಡಿಯೋ ಓಡಿಸುವಾಗಲೂ 50 ವ್ಯಾಟ್ ಆಸುಪಾಸು ಎಳೆಯುತ್ತದೆ, ಸೀರೀಸ್ ಎಸ್ ಅದಕ್ಕಿಂತ ಕಮ್ಮಿ. ಸ್ಟಿಕ್‌ಗೆ ಮೊಬೈಲ್ ಚಾರ್ಜರ್‌ನಂಥ ಪುಟ್ಟ ಅಡಾಪ್ಟರ್ ಸಾಕು. ಕರೆಂಟ್ ಹೋಗಿ ಬಂದರೆ ಸ್ಟಿಕ್ ತಾನೇ ಎದ್ದು ಕೂರುತ್ತದೆ, ಪಿಎಸ್5 ಸರಿಯಾಗಿ ಆಫ್ ಆಗಿಲ್ಲ ಅಂತ ಹೇಳಿ ಸ್ಟೋರೇಜ್ ತಪಾಸಣೆಗೆ ಇಳಿಯುತ್ತದೆ. ಪೂರ್ತಿ ಆಫ್ ಮಾಡದೆ ರೆಸ್ಟ್ ಮೋಡ್‌ನಲ್ಲಿ (ಅರೆನಿದ್ದೆಯಲ್ಲಿ) ಬಿಡುವ ಅಭ್ಯಾಸ ಇದ್ದರೆ ಒಂದು ಸಣ್ಣ ಯುಪಿಎಸ್ ಹಾಕಿಸಿಕೊಳ್ಳಿ.

ಹಾಗಾದರೆ ಯಾವುದು ಕೊಳ್ಳೋದು? ನಿಮ್ಮ ಹತ್ತಿರ ಡಿಸ್ಕ್ ಇದ್ದರೆ, ಸಿನಿಮಾ ಅಂದ್ರೆ ಚಿತ್ರದ ಗುಣಮಟ್ಟ ಮುಖ್ಯ ಅನ್ನುವವರಾದರೆ, ಡಿಸ್ಕ್ ಡ್ರೈವ್ ಇರುವ ಪಿಎಸ್5. ಹಾರ್ಡ್‌ಡಿಸ್ಕ್ ತುಂಬಾ ಫೈಲ್ ಇಟ್ಟುಕೊಂಡವರಿಗೆ, ಶೋಕೇಸ್‌ನಲ್ಲಿ ಜಾಗ ಕಮ್ಮಿ ಇರುವವರಿಗೆ ಸೀರೀಸ್ ಎಸ್. ನನ್ನನ್ನು ಕೇಳಿದರೆ ಹಾಲ್‌ಗೆ ಸೀರೀಸ್ ಎಸ್‌ನ್ನೇ ಆರಿಸುತ್ತೇನೆ. ಯಾವುದನ್ನು ತಂದರೂ ಟಿವಿಯ ಇನ್ನೊಂದು ಎಚ್‌ಡಿಎಂಐ ಕಿಂಡಿಗೆ ಒಂದು ಸ್ಟಿಕ್ ಚುಚ್ಚಿ, ಅದರ ರಿಮೋಟನ್ನು ಮನೆಯ ಹಿರಿಯರ ಕೈಗೆ ಕೊಡಿ.